ಕಾರಿನ ಲೈಟು, ವೈಪರ್, ಟೈರು: ನೀವೇ ನೋಡಿಕೊಳ್ಳುವುದು ಹೇಗೆ

ಕತ್ತಲಾದ ಮೇಲೆ ಕಾರನ್ನು ರಿವರ್ಸ್ ತೆಗೆದು ಒಂದು ಗೋಡೆಯ ಹತ್ತಿರ ನಿಲ್ಲಿಸಿ. ಬ್ರೇಕ್ ಒತ್ತಿ ಹಿಡಿದು ಕನ್ನಡಿಯಲ್ಲಿ ಆ ಗೋಡೆ ನೋಡಿ. ಕೆಂಪು ಬೆಳಕು ಎಡಕ್ಕೂ ಬಲಕ್ಕೂ ಒಂದೇ ಸಮ ಬಿದ್ದಿದೆಯಾ? ಒಂದು ಕಡೆ ಮಂಕಾಗಿದ್ದರೆ ಆ ಕಡೆಯ ಬ್ರೇಕ್ ಬಲ್ಬು ಹೋಗಿದೆ. ಎಷ್ಟು ದಿನದಿಂದ ಹೋಗಿದೆ ಅಂತ ನಿಮಗೇ ಗೊತ್ತಿರುವುದಿಲ್ಲ. ಅದು ಹಿಂದೆ ಬರುವವರಿಗೆ ಮಾತ್ರ ಕಾಣುವ ಲೈಟು.

ನನಗೆ ಹೀಗೇ ಆಗಿತ್ತು. ಸಿಗ್ನಲ್‌ನಲ್ಲಿ ನಿಂತಿದ್ದಾಗ ಪಕ್ಕಕ್ಕೆ ಬಂದ ಬೈಕಿನವರೊಬ್ಬರು ಕಿಟಕಿ ತಟ್ಟಿ, "ನಿಮ್ಮ ಬ್ರೇಕ್ ಲೈಟು ಎರಡೂ ಹತ್ತುತ್ತಿಲ್ಲ, ಇನ್ನೇನು ಗುದ್ದೇ ಬಿಡ್ತಿದ್ದೆ" ಅಂದರು. ಎದೆ ಧಸಕ್ಕೆಂದಿತು. ಅವತ್ತು ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಆಗಿನಿಂದ ತಿಂಗಳಿಗೊಮ್ಮೆ ಕಾರಿನ ಸುತ್ತ ಒಂದು ಸುತ್ತು ಬರುವುದನ್ನು ನಾನು ತಪ್ಪಿಸಿಲ್ಲ.

ಎಂಜಿನ್ ಕೆಟ್ಟರೆ ಸದ್ದು ಬರುತ್ತದೆ, ಇಲ್ಲವೇ ಹೊಗೆ ಬರುತ್ತದೆ. ಲೈಟು, ವೈಪರ್, ಟೈರು ಹಾಗಲ್ಲ. ದಿನಾ ಒಂದಿಷ್ಟೇ ಕೆಡುತ್ತಾ ಹೋಗುತ್ತವೆ, ನಮ್ಮ ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತಾ ಹೋಗುತ್ತದೆ. ಕೆಟ್ಟಿದ್ದು ಗೊತ್ತಾಗುವುದು ಜೋರು ಮಳೆಯಲ್ಲಿ, ಕತ್ತಲಲ್ಲಿ, ಗಡಿಬಿಡಿಯಲ್ಲಿ ಬ್ರೇಕ್ ಹಾಕಿದಾಗ. ಇವನ್ನು ನೋಡಿಕೊಳ್ಳಲು ಮೆಕ್ಯಾನಿಕ್ ಬೇಕಿಲ್ಲ. ಗಾಳಿ ಅಳೆಯುವ ಒಂದು ಗೇಜು, ಟಾರ್ಚು, ಒಗೆದ ಹತ್ತಿ ಬಟ್ಟೆ, ಕೈಗವಸು, ಕಾರಿನ ಜೊತೆ ಬಂದ ಪುಸ್ತಕ ಇದ್ದರೆ ಸಾಕು. ಆ ಪುಸ್ತಕವನ್ನು ಯಾರೂ ಓದುವುದಿಲ್ಲ. ಬಲ್ಬಿನ ನಂಬರು, ವೈಪರಿನ ಉದ್ದ, ಟೈರಿನ ಗಾಳಿ, ಜಾಕ್ ಇಡುವ ಜಾಗ ಎಲ್ಲ ಅದರಲ್ಲೇ ಇರುತ್ತದೆ.

ಟೈರಿನ ಗಾಳಿ

ಮೊದಲು ಟೈರು ನೋಡೋಣ, ಯಾಕೆಂದರೆ ಮೂರರಲ್ಲಿ ಅದೇ ದೊಡ್ಡದು. ಕಾರಿನ ಅಷ್ಟೂ ತೂಕ ರಸ್ತೆಗೆ ತಾಗುವುದು ನಾಲ್ಕೇ ಕಡೆ, ಒಂದೊಂದು ಕಡೆ ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ. ಬ್ರೇಕ್ ಹಿಡಿದರೂ, ಸ್ಟಿಯರಿಂಗ್ ತಿರುಗಿಸಿದರೂ ಕೆಲಸ ಆಗಬೇಕಾದ್ದು ಆ ನಾಲ್ಕು ಅಂಗೈ ಜಾಗದಲ್ಲೇ. ಆ ತೂಕ ಹೊರುವುದು ರಬ್ಬರ್ ಅಂತ ಅನ್ನಿಸುತ್ತದೆ. ನಿಜಕ್ಕೂ ಹೊರುವುದು ಒಳಗಿನ ಗಾಳಿ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಹಾಕಿಕೊಟ್ಟಾಗಿನಿಂದ ಇವತ್ತಿನವರೆಗೂ ಇದು ಬದಲಾಗಿಲ್ಲ.

ಗಾಳಿ ಎಷ್ಟಿರಬೇಕು ಅನ್ನುವುದನ್ನು ಕಾರು ಮಾಡಿದವರೇ ಬರೆದಿಟ್ಟಿರುತ್ತಾರೆ. ಡ್ರೈವರ್ ಕಡೆಯ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿರುತ್ತದೆ. ಮುಂದಿನ ಟೈರಿಗೆ ಒಂದು ಅಂಕಿ, ಹಿಂದಿನದಕ್ಕೆ ಒಂದು, ಜನ ಮತ್ತು ಸಾಮಾನು ತುಂಬಿದ್ದರೆ ಇನ್ನೊಂದು ಅಂಕಿ ಇರಬಹುದು. ಬಾರ್ ಲೆಕ್ಕದಲ್ಲಿ ಬರೆದಿದ್ದರೆ 14.5ರಿಂದ ಗುಣಿಸಿ, ಪಿಎಸ್ಐ (ಒತ್ತಡ ಅಳೆಯುವ ಇನ್ನೊಂದು ಅಳತೆ) ಸಿಗುತ್ತದೆ. 2.2 ಬಾರ್ ಅಂದರೆ ಸುಮಾರು 32 ಪಿಎಸ್ಐ. ಟೈರಿನ ಪಕ್ಕದಲ್ಲೂ ಒತ್ತಡದ ಒಂದು ಅಂಕಿ ಅಚ್ಚಾಗಿರಬಹುದು. ಬಹಳ ಜನ ಅದನ್ನೇ ಹಿಡಿದುಕೊಂಡು ಗಾಳಿ ತುಂಬಿಸುತ್ತಾರೆ. ಅದು ಆ ಟೈರಿಗೆ ಹಾಕಬಹುದಾದ ಗರಿಷ್ಠ ಒತ್ತಡ, ನಿಮ್ಮ ಕಾರಿಗೆ ಬೇಕಾದ ಒತ್ತಡ ಅಲ್ಲ.

ಗಾಳಿ ನೋಡುವ ಹೊತ್ತೂ ಮುಖ್ಯ. ಬೆಳಗ್ಗೆ ಕಾರು ಹೊರಡುವ ಮೊದಲು ನೋಡುವುದು ಒಳ್ಳೆಯದು. ಕಾರು ನಿಂತು ಮೂರು ಗಂಟೆಯಾದರೂ ಆಗಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಜಾಸ್ತಿ ಓಡಿರಬಾರದು. ಓಡುತ್ತಾ ಓಡುತ್ತಾ ಟೈರು ಬಿಸಿಯಾಗುತ್ತದೆ, ಒಳಗಿನ ಒತ್ತಡ 4-5 ಪಿಎಸ್ಐ ಏರುವುದು ಮಾಮೂಲು. ಆಗ ಗೇಜು ಇಟ್ಟು, ಜಾಸ್ತಿ ಇದೆ ಅಂತ ಗಾಳಿ ಬಿಟ್ಟರೆ, ಟೈರು ತಣ್ಣಗಾದ ಮೇಲೆ ಬೇಕಾದ್ದಕ್ಕಿಂತ ಕಮ್ಮಿ ಉಳಿಯುತ್ತದೆ. ಬಿಸಿ ಟೈರಿನ ಗಾಳಿಯನ್ನು ಯಾವತ್ತೂ ಬಿಡಬೇಡಿ. ಹೊರಗಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು 1 ಪಿಎಸ್ಐ ಇಳಿಯುತ್ತದೆ. ಚಳಿ ಶುರುವಾದ ಕೂಡಲೇ ಗಾಳಿ ಕಮ್ಮಿಯಾದ ಹಾಗೆ ಕಾಣುವುದು ಅದಕ್ಕೇ.

ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ನೆಲದ ಮೇಲೆ ಇಟ್ಟರೆ ಎಲ್ಲೋ ಉರುಳಿಹೋಗುತ್ತದೆ. ಗೇಜಿನ ಬಾಯನ್ನು ವಾಲ್ವಿನ ಮೇಲೆ ನೇರವಾಗಿ ಇಟ್ಟು ಒಂದೇ ಸಲಕ್ಕೆ ಗಟ್ಟಿಯಾಗಿ ಒತ್ತಿ. ಓರೆಯಾದರೆ ಸುಸ್ಸೆಂದು ಗಾಳಿ ಹೋಗುತ್ತದೆ, ಅಂಕಿಯೂ ತಪ್ಪು ಬರುತ್ತದೆ. ಎರಡು ಸಲ ನೋಡಿ, ಎರಡೂ ಸಲ ಒಂದೇ ಅಂಕಿ ಬಂದರೆ ನಂಬಬಹುದು. ಎಲ್ಲ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್ಐ ಗಾಳಿ ತಾನಾಗಿ ಇಳಿಯುವುದು ಸಹಜ. ಆದರೆ ಮೂರು ಟೈರು 31 ತೋರಿಸಿ ಒಂದು ಮಾತ್ರ 26 ತೋರಿಸಿದರೆ ಅದರಲ್ಲಿ ಏನೋ ಇದೆ. ಸಣ್ಣ ಮೊಳೆ ಕೂತಿರಬಹುದು, ವಾಲ್ವಿನ ಒಳಗಿನ ಪಿನ್ನು ಸರಿಯಾಗಿ ಮುಚ್ಚುತ್ತಿಲ್ಲದಿರಬಹುದು. ವಾಲ್ವಿನ ಬಾಯಿಗೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ತೊಂದರೆ ಅಲ್ಲೇ ಇದೆ. ಕೊನೆಗೆ ಮುಚ್ಚಳ ಹಾಕುವುದನ್ನು ಮರೆಯಬೇಡಿ. ಧೂಳು, ಕೆಸರು ಪಿನ್ನಿನ ಒಳಗೆ ಹೋಗದಂತೆ ತಡೆಯುವುದು ಅದೇ.

ಗಾಳಿ ಕಮ್ಮಿಯಾದರೆ ಆಗುವುದೇನು? ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಒಂದು ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಬಗ್ಗಿದ ಜಾಗ ಬಿಸಿಯಾಗುತ್ತದೆ ಅಲ್ವಾ, ಇಲ್ಲೂ ಅದೇ. ಸಾಧಾರಣ ಕಾರಿನ ಟೈರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 800ಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅಷ್ಟು ಸಲವೂ ಆ ಗೋಡೆ ಬಗ್ಗುತ್ತದೆ. ಗಾಳಿ ಕಮ್ಮಿ ಇದ್ದಷ್ಟೂ ಜಾಸ್ತಿ ಬಗ್ಗುತ್ತದೆ, ಜಾಸ್ತಿ ಕಾಯುತ್ತದೆ. ದೂರದ ಓಟದಲ್ಲಿ ಟೈರು ಸಿಡಿಯುವುದಕ್ಕೆ ಇದು ದೊಡ್ಡ ಕಾರಣ. ಪೆಟ್ರೋಲ್ ಜಾಸ್ತಿ ಸುಡುವುದೂ ಇದರಿಂದಲೇ.

ಹೊಸ ಕಾರುಗಳಲ್ಲಿ ಗಾಳಿ ಇಳಿದರೆ ಎದುರಿಗೆ ಹಳದಿ ದೀಪ ಹತ್ತುತ್ತದೆ. ಅದನ್ನೇ ನಂಬಿ ಕೂರಬೇಡಿ. ಎಷ್ಟೋ ಕಾರುಗಳಲ್ಲಿ ಅದು ಹತ್ತುವುದು ಒತ್ತಡ ಕಾಲು ಭಾಗ ಇಳಿದ ಮೇಲೆ. ಅಂದರೆ 32 ಇರಬೇಕಾದ ಕಡೆ 24ಕ್ಕೆ ಬಂದಾಗ.

ಟೈರು ತಾನೇ ಹೇಳುವ ಕಥೆ

ಒಣ ರಸ್ತೆಯಲ್ಲಿ ಟೈರಿನ ಗೆರೆಗಳಿಗೆ ಜಾಸ್ತಿ ಕೆಲಸ ಇಲ್ಲ. ರೇಸಿನ ಕಾರುಗಳು ಒಣ ಟ್ರ್ಯಾಕಿನಲ್ಲಿ ಗೆರೆಯೇ ಇಲ್ಲದ ಬೋಳು ಟೈರಿನಲ್ಲಿ ಓಡುತ್ತವೆ. ಗೆರೆ ಬೇಕಾಗುವುದು ನೀರಿಗೆ. ಟೈರಿನ ಕೆಳಗೆ ಸಿಕ್ಕಿಕೊಂಡ ನೀರು ಆ ಕಾಲುವೆಗಳಲ್ಲಿ ಹರಿದು ಪಕ್ಕಕ್ಕೆ ಹೋಗಬೇಕು. ಹೋಗಲು ದಾರಿ ಸಿಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ಇದ್ದಕ್ಕಿದ್ದ ಹಾಗೆ ಹಗುರಾಗುತ್ತದೆ, ತಿರುಗಿಸಿದರೂ ಕಾರು ಕೇಳುವುದಿಲ್ಲ.

ಹೊಸ ಟೈರಿನ ಗೆರೆ ಸುಮಾರು 8 ಮಿಲಿಮೀಟರ್ ಆಳ ಇರುತ್ತದೆ. ಎಷ್ಟೋ ದೇಶಗಳ ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿಲಿಮೀಟರ್. ಅದನ್ನು ಅಳೆಯಲು ಸಾಧನ ಬೇಕಿಲ್ಲ. ದೊಡ್ಡ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರಿನ ಅಂಚಿನಲ್ಲಿ ಪುಟ್ಟ ತ್ರಿಕೋನದ ಗುರುತು ಕಂಡರೆ ಅದರ ನೇರಕ್ಕೆ ಹುಡುಕಿ. ಟೈರಿನ ಮೇಲ್ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತು ಅಂದರೆ ಟೈರಿನ ಕಾಲ ಮುಗಿಯಿತು. ಆದರೆ ನನ್ನನ್ನು ಕೇಳಿದರೆ ಅಲ್ಲಿಯವರೆಗೆ ಕಾಯಬಾರದು. ಒದ್ದೆ ರಸ್ತೆಯ ಹಿಡಿತ ಅದಕ್ಕಿಂತ ಬಹಳ ಮೊದಲೇ ಕುಗ್ಗಿರುತ್ತದೆ. 3 ಮಿಲಿಮೀಟರ್ ಆದ ಮೇಲೆ ಮಳೆಗಾಲವನ್ನು ಅದೇ ಟೈರಿನಲ್ಲಿ ಕಳೆಯುವ ಧೈರ್ಯ ನನಗಿಲ್ಲ.

ಎಷ್ಟು ಸವೆದಿದೆ ಅನ್ನುವುದರ ಜೊತೆಗೆ ಎಲ್ಲಿ ಸವೆದಿದೆ ಅಂತಲೂ ನೋಡಿ. ಎರಡೂ ಅಂಚು ಸವೆದು ನಡುಭಾಗ ಚೆನ್ನಾಗಿದ್ದರೆ ಬಹಳ ದಿನ ಗಾಳಿ ಕಮ್ಮಿ ಇತ್ತು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು. ಒಂದೇ ಅಂಚು ಸವೆದಿದ್ದರೆ ವ್ಹೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪಿದೆ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಬ್ಯಾಲೆನ್ಸಿಂಗ್ ಇಲ್ಲವೇ ಸಸ್ಪೆನ್ಷನ್ ತೋರಿಸಬೇಕು. ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. ಕೈಗವಸು ಹಾಕಿಕೊಂಡು ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿ, ಒಮ್ಮೆ ಒಳಗಿನಿಂದ ಹೊರಗೆ, ಇನ್ನೊಮ್ಮೆ ಹೊರಗಿನಿಂದ ಒಳಗೆ. ಒಂದು ದಿಕ್ಕಿಗೆ ನುಣ್ಣಗಿದ್ದು ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ತಡೆದರೆ ಚಕ್ರ ನೇರವಾಗಿ ಉರುಳುತ್ತಿಲ್ಲ, ರಸ್ತೆಯನ್ನು ಉಜ್ಜಿಕೊಂಡು ಹೋಗುತ್ತಿದೆ. ಕೈಗವಸು ಸುಮ್ನೆ ಹೇಳಿದ್ದಲ್ಲ. ತುಂಬಾ ಸವೆದ ಟೈರಿನಿಂದ ಒಳಗಿನ ಉಕ್ಕಿನ ತಂತಿ ಹೊರಗೆ ಬಂದಿರುತ್ತದೆ, ಸೂಜಿಯ ಹಾಗೆ ಚುಚ್ಚುತ್ತದೆ.

ಪಕ್ಕದ ಗೋಡೆಯನ್ನೂ ನೋಡಿ. ಬೋರೆಹಣ್ಣಿನಷ್ಟು ಉಬ್ಬು ಕಂಡರೆ ಆ ಟೈರಿನಲ್ಲಿ ಇನ್ನು ಓಡಬೇಡಿ. ಗುಂಡಿಗೆ ಬಿದ್ದ ಹೊಡೆತಕ್ಕೆ ಒಳಗಿನ ನೂಲು ಕಡಿದು ಗಾಳಿ ರಬ್ಬರನ್ನು ಹೊರಗೆ ತಳ್ಳುತ್ತಿದೆ. ಅದಕ್ಕೆ ರಿಪೇರಿ ಇಲ್ಲ. ಅಲ್ಲೇ ಒಂದು ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. ಅದು ಟೈರು ಹುಟ್ಟಿದ ದಿನ: 2319 ಅಂದರೆ 2019ನೇ ಇಸವಿಯ 23ನೇ ವಾರ. ಓಡಿಸದೆ ನಿಲ್ಲಿಸಿದರೂ ರಬ್ಬರಿಗೆ ವಯಸ್ಸಾಗುತ್ತದೆ, ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ಗೊತ್ತಿದ್ದವರಿಗೆ ತೋರಿಸಿ. ಹತ್ತು ವರ್ಷವಾಗಿದ್ದರೆ ಗೆರೆ ಎಷ್ಟೇ ಆಳ ಇರಲಿ, ತೆಗೆದುಬಿಡಿ. ಹೊಸ ಟೈರು ಕೊಳ್ಳುವಾಗಲೂ ಈ ನಾಲ್ಕು ಅಂಕಿ ಕೇಳಿ ನೋಡಿ.

ಅಳತೆಯೂ ಅಲ್ಲೇ ಇದೆ. 185/65 ಆರ್15 88ಎಚ್ ಅಂತ ಬರೆದಿದೆ ಅಂದುಕೊಳ್ಳಿ. ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಭಾಗ, ಆರ್ ಅಂದರೆ ರೇಡಿಯಲ್, 15 ಇಂಚಿನ ರಿಮ್ಮು. 88 ಅನ್ನುವುದು ಒಂದು ಟೈರು 560 ಕಿಲೋ ಹೊರಬಲ್ಲದು ಅನ್ನುವ ಸಂಕೇತ. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ. ಟೈರು ಬದಲಿಸುವಾಗ ಕೊನೆಯ ಈ ಎರಡು ಗುರುತು ಮೊದಲಿಗಿಂತ ಕಮ್ಮಿಯದಾಗಬಾರದು.

ಪಂಚರ್ ಆದಾಗ

ಟೈರಿನಲ್ಲಿ ಮೊಳೆ ಕಂಡ ಕೂಡಲೇ ಕೀಳಬೇಡಿ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ಎಷ್ಟೋ ಸಲ ತೂತನ್ನು ಮುಚ್ಚಿಕೊಂಡಿರುತ್ತದೆ. ಗಾಳಿ ತುಂಬಿ, ನಿಧಾನಕ್ಕೆ ಪಂಚರ್ ಹಾಕುವವರ ಹತ್ತಿರ ಹೋಗಬಹುದು. ರಸ್ತೆಗೆ ತಾಗುವ ಭಾಗದಲ್ಲಿರುವ ಸಣ್ಣ ತೂತಿಗೆ ಪಂಚರ್ ಹಾಕಬಹುದು, ಪಕ್ಕದ ಗೋಡೆಗೆ ಆಗುವುದಿಲ್ಲ.

ಗಾಳಿ ಪೂರ್ತಿ ಹೋಗಿದ್ದರೆ ಸ್ಟೆಪ್ನಿ ಹಾಕಲೇಬೇಕು. ಇಲ್ಲಿ ಅವಸರ ಬೇಡ. ನೆಲ ಸಮತಟ್ಟಾಗಿ, ಗಟ್ಟಿಯಾಗಿರುವ ಕಡೆ, ವಾಹನಗಳಿಂದ ದೂರ ನಿಲ್ಲಿಸಿ. ಅದಕ್ಕಾಗಿ ಸ್ವಲ್ಪ ದೂರ ಉರುಳಿಸಿ ರಿಮ್ಮು ಹಾಳಾದರೂ ಪರವಾಗಿಲ್ಲ, ಜೀವ ದೊಡ್ಡದು. ಹಜಾರ್ಡ್ ಲೈಟು ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ಬಿಡಿ, ಆಟೋಮ್ಯಾಟಿಕ್ ಆದರೆ ಪಿಗೆ ಹಾಕಿ. ಎಲ್ಲರೂ ಇಳಿದು ದೂರ ನಿಲ್ಲಲಿ. ಪಂಚರ್ ಆದ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರಕ್ಕೆ ಕಲ್ಲು ಕೊಡಿ.

ಕಾರು ನೆಲದ ಮೇಲೆ ಇರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಮೊದಲೇ ಎತ್ತಿಬಿಟ್ಟರೆ ಸ್ಪ್ಯಾನರ್ ಹಾಕಿದಾಗ ಚಕ್ರವೇ ತಿರುಗುತ್ತದೆ, ಕಾರು ಜಾಕ್ ಮೇಲಿಂದ ಜಾರಬಹುದು. ಸ್ಪ್ಯಾನರನ್ನು ಅಡ್ಡಕ್ಕೆ ಇಟ್ಟು ಅಪ್ರದಕ್ಷಿಣೆಯಾಗಿ ಕೆಳಕ್ಕೆ ಒತ್ತಿ, ನಿಮ್ಮ ಮೈಭಾರವೇ ಕೆಲಸ ಮಾಡುತ್ತದೆ. ಆಮೇಲೆ ಜಾಕ್. ಬಾಗಿಲ ಕೆಳಗಿನ ಅಂಚಿನಲ್ಲಿ, ಚಕ್ರದ ಹತ್ತಿರ, ಜಾಕ್ ಕೂರಲೆಂದೇ ಗಟ್ಟಿ ಮಾಡಿದ ಜಾಗ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಅದರ ಎರಡೂ ಬದಿಗೆ ಕಚ್ಚು ಇರುತ್ತದೆ, ಬೆರಳಾಡಿಸಿದರೆ ಸಿಗುತ್ತದೆ. ಬೇರೆ ಕಡೆ ಇಟ್ಟರೆ ತಗಡು ಒಳಗೆ ಹೋಗುತ್ತದೆ. ಎತ್ತುವಾಗ ಸ್ಟೆಪ್ನಿಯನ್ನು ಬಾಗಿಲ ಕೆಳಗೆ ಮಲಗಿಸಿಡಿ. ಒಂದು ವೇಳೆ ಜಾಕ್ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು.

ಹೊಸ ಚಕ್ರ ಹಾಕಿದ ಮೇಲೆ ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ. ಒಂದು ಬದಿ ಚೂಪಾಗಿರುವ ನಟ್ಟು ಆದರೆ ಆ ಬದಿ ಚಕ್ರದ ಕಡೆಗಿರಬೇಕು. ಬಿಗಿ ಮಾಡುವಾಗ ಪಕ್ಕ ಪಕ್ಕದ್ದನ್ನು ಮಾಡಬೇಡಿ, ಒಂದಾದ ಮೇಲೆ ಎದುರಿನದು, ಆಮೇಲೆ ಅದರ ಎದುರಿನದು, ನಕ್ಷತ್ರ ಬಿಡಿಸಿದ ಹಾಗೆ. ಆಗ ಚಕ್ರ ಓರೆಯಾಗದೆ ಸಮನಾಗಿ ಕೂರುತ್ತದೆ. ಕೊನೆಯ ಬಿಗಿ ಕಾರು ಇಳಿಸಿದ ಮೇಲೆ. ಐವತ್ತು, ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ, ಸ್ವಲ್ಪ ಸಡಿಲಾಗಿರಬಹುದು. ಸ್ಟೆಪ್ನಿ ಮಾಮೂಲಿ ಟೈರಿಗಿಂತ ತೆಳ್ಳಗಿದ್ದರೆ ಅದು ತಾತ್ಕಾಲಿಕದ್ದು. ಅದರಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮೀರಬಾರದು. ಅದಕ್ಕೆ ಬೇಕಾದ ಗಾಳಿಯೂ ಬೇರೆ, ಹೆಚ್ಚಾಗಿ 60 ಪಿಎಸ್ಐ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡುವವರು ಬಹಳ ಕಡಿಮೆ. ನೀವು ನೋಡಿ.

ವೈಪರಿನ ಅಂಚು

1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಒಳಗೆ ಕೂತೇ ಗಾಜು ಒರೆಸುವ ಸಾಧನಕ್ಕೆ ಪೇಟೆಂಟ್ ಪಡೆದರು. ಅದು ಕೈಯಲ್ಲಿ ತಿರುಗಿಸುವ ಹಿಡಿಯ ಸಾಧನ. ಇವತ್ತು ಮೋಟರ್ ಬಂದಿದೆ, ಆದರೆ ಗಾಜನ್ನು ಒರೆಸುವುದು ಈಗಲೂ ಒಂದು ರಬ್ಬರ್ ಅಂಚೇ.

ಆ ಅಂಚನ್ನು ಹತ್ತಿರದಿಂದ ನೋಡಿ. ವೈಪರ್ ಎತ್ತಿ ನಿಲ್ಲಿಸಿ ರಬ್ಬರನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ. ತುದಿಯ ತೆಳು ತುಟಿ ಆ ಕಡೆಗೂ ಈ ಕಡೆಗೂ ಸಲೀಸಾಗಿ ಮಗುಚಬೇಕು. ವೈಪರ್ ಎಡಕ್ಕೆ ಹೋಗುವಾಗ ತುಟಿ ಬಲಕ್ಕೆ ವಾಲಿರುತ್ತದೆ, ಹಿಂದಕ್ಕೆ ಬರುವಾಗ ಎಡಕ್ಕೆ ಮಗುಚುತ್ತದೆ. ಹೀಗೆ ಅಂಚು ಯಾವಾಗಲೂ ಹಿಂದೆ ಎಳೆದುಕೊಂಡು ಬಂದರೇ ನೀರು ನುಣ್ಣಗೆ ಒರೆಸಿ ಹೋಗುವುದು. ಬಿಸಿಲಿಗೆ ರಬ್ಬರ್ ಗಟ್ಟಿಯಾದಾಗ ತುಟಿ ಮಗುಚುವುದಿಲ್ಲ, ಗಾಜಿನ ಮೇಲೆ ತಡೆದು ತಡೆದು ನೆಗೆಯುತ್ತದೆ. ಟಕ ಟಕ ಸದ್ದು ಬರುವುದು ಅದಕ್ಕೆ. ತೆಳು ಗೆರೆಗಳು ಉಳಿದರೆ ಅಂಚು ಹರಿದಿದೆ ಇಲ್ಲವೇ ಕೊಳೆ ಕೂತಿದೆ. ಒಂದು ಪಟ್ಟಿಯಷ್ಟು ಜಾಗ ಒರೆಸದೇ ಉಳಿದರೆ ವೈಪರ್ ಬಗ್ಗಿದೆ, ಅಲ್ಲಿ ಗಾಜಿಗೆ ಒತ್ತುತ್ತಿಲ್ಲ. ಇಡೀ ಗಾಜು ಮಂಜು ಮಂಜಾದರೆ ತಪ್ಪು ವೈಪರಿನದ್ದಲ್ಲ, ಗಾಜಿನ ಮೇಲೆ ಎಣ್ಣೆಯ ಪೊರೆ ಇದೆ. ಗಾಜನ್ನು ಚೆನ್ನಾಗಿ ತೊಳೆದು ನೋಡಿ.

ಹೊಸದು ತರುವ ಮುಂಚೆ ಒದ್ದೆ ಬಟ್ಟೆಯಲ್ಲಿ ಅಂಚನ್ನು ಉದ್ದಕ್ಕೂ ಒರೆಸಿ. ಬಟ್ಟೆಗೆ ಕಪ್ಪು ಹತ್ತುತ್ತದೆ. ಅದು ನಿಲ್ಲುವವರೆಗೆ ಒರೆಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ. ಪೆಟ್ರೋಲ್ ಹಚ್ಚಬೇಡಿ, ರಬ್ಬರ್ ಹಾಳಾಗುತ್ತದೆ. ಧೂಳು ಕೂತ ಒಣ ಗಾಜಿನ ಮೇಲೆ ವೈಪರ್ ಹಾಕುವುದೂ ಬೇಡ. ಮರಳಿನ ಕಣ ಗಾಜನ್ನು ಗೀರುತ್ತದೆ, ಆ ಗೀರು ರಾತ್ರಿ ಎದುರಿನ ಲೈಟು ಬಿದ್ದಾಗ ಮಿಂಚುತ್ತಲೇ ಇರುತ್ತದೆ.

ಬದಲಿಸುವುದು ಐದು ನಿಮಿಷದ ಕೆಲಸ. ಡ್ರೈವರ್ ಕಡೆಯದ್ದು ಮತ್ತು ಪಕ್ಕದ್ದು ಉದ್ದದಲ್ಲಿ ಬೇರೆ ಬೇರೆ ಇರುತ್ತವೆ, ನೋಡಿಕೊಂಡು ತನ್ನಿ. ತೋಳನ್ನು ಎತ್ತಿದ ಕೂಡಲೇ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ತೋಳಿನೊಳಗೆ ಬಲವಾದ ಸ್ಪ್ರಿಂಗ್ ಇದೆ. ಬ್ಲೇಡ್ ತೆಗೆದ ಬರಿಯ ಲೋಹದ ತೋಳು ಕೈತಪ್ಪಿ ಬಿದ್ದರೆ ಗಾಜು ಒಡೆಯಬಹುದು. ಹೆಚ್ಚಿನ ಕಾರುಗಳಲ್ಲಿ ತೋಳಿನ ತುದಿ ಕೊಕ್ಕೆಯ ಹಾಗಿರುತ್ತದೆ. ನಡುವಿನ ಪುಟ್ಟ ಪ್ಲಾಸ್ಟಿಕ್ ಗುಂಡಿ ಒತ್ತಿ, ಬ್ಲೇಡನ್ನು ತೋಳಿನ ಬುಡದ ಕಡೆಗೆ ಜಾರಿಸಿದರೆ ಕೊಕ್ಕೆಯಿಂದ ಕಳಚುತ್ತದೆ. ಹೊಸದನ್ನು ಅದೇ ದಾರಿಯಲ್ಲಿ ಮೇಲಕ್ಕೆ ಎಳೆದರೆ ಟಕ್ ಅಂತ ಕೂರುತ್ತದೆ. ಆ ಸದ್ದು ಕೇಳದಿದ್ದರೆ ಇನ್ನೊಮ್ಮೆ ಎಳೆಯಿರಿ. ಕೆಲವು ಕಾರುಗಳಲ್ಲಿ ತೋಳು ಬಾನೆಟ್ಟಿನ ಅಂಚಿನ ಕೆಳಗೆ ಅಡಗಿರುತ್ತದೆ. ಅದನ್ನು ಎಳೆದು ಎತ್ತಬೇಡಿ, ಸರ್ವಿಸ್ ಸ್ಥಾನಕ್ಕೆ ತರುವ ರೀತಿ ಪುಸ್ತಕದಲ್ಲಿದೆ.

ಗಾಜಿಗೆ ನೀರು ಚಿಮ್ಮಿಸುವ ಡಬ್ಬಿಯನ್ನೂ ತುಂಬಿಡಿ. ಗಾಜು ಮತ್ತು ಕಾರಂಜಿಯ ಚಿತ್ರ ಇರುವ ಮುಚ್ಚಳ ಅದರದ್ದು. ಪಕ್ಕದಲ್ಲೇ ಕೂಲಂಟ್ ಡಬ್ಬಿಯೂ ಇರುತ್ತದೆ, ಗೊಂದಲ ಬೇಡ. ಹಿಮ ಬೀಳುವ ಕಡೆ ಬರೀ ನೀರು ಹಾಕಿದರೆ ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ, ಅಲ್ಲಿ ಹೆಪ್ಪುಗಟ್ಟದ ವಾಷರ್ ದ್ರವವೇ ಬೇಕು. ನೀರು ಚಿಮ್ಮುವ ತೂತು ಕಟ್ಟಿದ್ದರೆ ಸಣ್ಣ ಸೂಜಿಯಿಂದ ಬಿಡಿಸಬಹುದು.

ಲೈಟು

ಬಲ್ಬು ಹೋಗಿದೆ ಅಂತ ಕಾರು ತಾನೇ ಹೇಳುವ ಒಂದು ಸಂದರ್ಭ ಇದೆ. ಇಂಡಿಕೇಟರ್ ಹಾಕಿದಾಗ ಟಿಕ್ ಟಿಕ್ ಸದ್ದು ಮಾಮೂಲಿಗಿಂತ ಎರಡು ಪಟ್ಟು ಬೇಗ ಬಂದರೆ ಆ ಬದಿಯ ಒಂದು ಬಲ್ಬು ಸತ್ತಿದೆ. ಉಳಿದ ಲೈಟುಗಳಿಗೆ ಕಾರಿನ ಸುತ್ತ ನಡೆಯಲೇಬೇಕು. ಹಾಗೆ ನೋಡುವಾಗ ಒಂದು ವಿಚಿತ್ರ ಕಾಣಬಹುದು: ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹತ್ತುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಜೊತೆಗೇ ಮಿಣುಕುತ್ತದೆ. ಆಗ ಬಲ್ಬು ಬದಲಿಸಿ ಪ್ರಯೋಜನ ಇಲ್ಲ. ಆ ಲೈಟಿನ ಅರ್ಥಿಂಗ್ ವೈರಿಗೆ ತುಕ್ಕು ಹಿಡಿದಿದೆ, ಕರೆಂಟು ವಾಪಸ್ ಹೋಗಲು ಬೇರೆ ಬಲ್ಬಿನ ದಾರಿ ಹಿಡಿದಿದೆ.

ಎರಡೂ ಬದಿಯ ಲೈಟು ಒಟ್ಟಿಗೇ ಹೋದರೆ ಮೊದಲು ಫ್ಯೂಸ್ ನೋಡಿ. ನನ್ನ ಬ್ರೇಕ್ ಲೈಟಿನದ್ದೂ ಅದೇ ಆಗಿತ್ತು. ಫ್ಯೂಸಿನ ಬಣ್ಣವೇ ಅದರ ಅಂಕಿ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಒಳಗಿನ ತೆಳು ತಂತಿ ಕಡಿದಿದ್ದರೆ ಅದೇ ಬಣ್ಣದ ಹೊಸದು ಹಾಕಿ. ದೊಡ್ಡ ಅಂಕಿಯದ್ದನ್ನೋ ತಂತಿ ತುಂಡನ್ನೋ ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವೈರೇ ಸುಡುತ್ತದೆ. ಹೊಸ ಫ್ಯೂಸೂ ಕೂಡಲೇ ಹೋದರೆ ವೈರಿಂಗ್ ಗೊತ್ತಿದ್ದವರಿಗೆ ತೋರಿಸಿ.

ಹಿಂದಿನ ಬಲ್ಬು ಸುಲಭ. ಡಿಕ್ಕಿ ತೆಗೆದರೆ ಒಳಗಿನಿಂದ ಹೋಲ್ಡರ್ ಸಿಗುತ್ತದೆ. ಬಲ್ಬನ್ನು ಒತ್ತಿ, ಸ್ವಲ್ಪ ತಿರುಗಿಸಿದರೆ ಹೊರಗೆ ಬರುತ್ತದೆ. ಒಂದೇ ಬಲ್ಬಿನಲ್ಲಿ ಎರಡು ತಂತಿ ಇದ್ದರೆ ಒಂದು 5 ವ್ಯಾಟಿನ ಹಿಂದಿನ ಲೈಟಿಗೆ, ಇನ್ನೊಂದು 21 ವ್ಯಾಟಿನ ಬ್ರೇಕಿಗೆ. ಅದರ ಎರಡು ಮೊಳೆಗಳು ಒಂದು ಮೇಲೆ, ಒಂದು ಕೆಳಗೆ ಇರುತ್ತವೆ, ತಿರುಗುಮುರುಗು ಕೂರಬಾರದು ಅಂತ. ಹೋಗದಿದ್ದರೆ ಬಲ ಹಾಕಬೇಡಿ, ಅರ್ಧ ಸುತ್ತು ತಿರುಗಿಸಿ ನೋಡಿ.

ಹೆಡ್‌ಲೈಟಿಗೆ ಸ್ವಲ್ಪ ತಾಳ್ಮೆ ಬೇಕು. ಲೈಟು, ಎಂಜಿನ್ ಎರಡೂ ಆಫ್ ಮಾಡಿ ಬಲ್ಬು ತಣ್ಣಗಾಗುವವರೆಗೆ ಕಾಯಿರಿ. ನಿಮ್ಮದು ಕ್ಸೆನಾನ್ ಲೈಟಾದರೆ ಕೈ ಹಾಕಲೇಬೇಡಿ, ಅದು ಹತ್ತುವಾಗ ಸಾವಿರಾರು ವೋಲ್ಟ್ ಹರಿಯುತ್ತದೆ. ಕಾರಿನ ಜೊತೆಗೇ ಬಂದ ಎಲ್ಇಡಿಯಲ್ಲಿ ಸಾಮಾನ್ಯವಾಗಿ ಬಲ್ಬು ಮಾತ್ರ ಬದಲಿಸಲು ಬರುವುದಿಲ್ಲ. ಹ್ಯಾಲೊಜೆನ್ ಆದರೆ ಬಾನೆಟ್ ಎತ್ತಿ, ಲೈಟಿನ ಹಿಂದಿನ ಪ್ಲಗ್ಗನ್ನು ವೈರು ಹಿಡಿಯದೆ ಪ್ಲಗ್ಗನ್ನೇ ಹಿಡಿದು ಎಳೆಯಿರಿ. ಧೂಳು ತಡೆಯುವ ರಬ್ಬರ್ ಮುಚ್ಚಳ ತೆಗೆಯಿರಿ. ಒಳಗೆ ಬಲ್ಬನ್ನು ಒತ್ತಿ ಹಿಡಿದ ತಂತಿಯ ಕ್ಲಿಪ್ಪು ಇರುತ್ತದೆ. ಅಲ್ಲಿ ಕಣ್ಣು ಹೋಗದಿದ್ದರೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ವಾಪಸ್ ಹಾಕುವಾಗ ಬೇಕಾಗುತ್ತದೆ. ಕ್ಲಿಪ್ಪನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಚ್ಚುತ್ತದೆ. ಹೊಸ ಬಲ್ಬಿನ ತಗಡಿನ ಕಿವಿಗಳು ಅವುಗಳ ಕಚ್ಚಿನಲ್ಲೇ ಕೂರಬೇಕು. ಅಲುಗಾಡಿದರೆ ಸರಿಯಾಗಿ ಕೂತಿಲ್ಲ.

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನುತ್ತಾರೆ. ಅದಕ್ಕೆ ಒಳ್ಳೆಯ ಕಾರಣ ಇದೆ. ಮಾಮೂಲಿ ಬಲ್ಬಿನಲ್ಲಿ ಕಾದ ಟಂಗ್‌ಸ್ಟನ್ ತಂತಿ ಆವಿಯಾಗುತ್ತಾ ಗಾಜಿನ ಮೇಲೆ ಕಪ್ಪಾಗಿ ಕೂರುತ್ತದೆ. ಹ್ಯಾಲೊಜೆನ್ ಬಲ್ಬಿನೊಳಗಿನ ಅನಿಲ ಆ ಆವಿಯನ್ನು ಹಿಡಿದು ಮತ್ತೆ ತಂತಿಗೇ ತಂದು ಕೂರಿಸುತ್ತದೆ. ಇದು ನಡೆಯಬೇಕಾದರೆ ಗಾಜು 250 ಡಿಗ್ರಿಗೂ ಜಾಸ್ತಿ ಕಾದಿರಬೇಕು. ಬೆರಳಿನ ಜಿಡ್ಡು ಹತ್ತಿದ ಜಾಗ ಸುಟ್ಟು, ಅಲ್ಲಿ ಮಾತ್ರ ಶಾಖ ಹೆಚ್ಚಿ ಗಾಜು ದುರ್ಬಲವಾಗುತ್ತದೆ. ಮುಟ್ಟಿಬಿಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ ಹಾಕಿ. ಒಂದು ಹೋದರೆ ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸುವುದು ಮೇಲು.

ಹ್ಯಾಲೊಜೆನ್ ಲೈಟಿನೊಳಗೆ ಎಲ್ಇಡಿ ಬಲ್ಬು ಹಾಕಿಸುವವರಿಗೆ ಒಂದು ಮಾತು. ಹೈ ಬೀಮ್, ಲೋ ಬೀಮ್ ಎರಡರ ತಂತಿಯೂ ಒಂದರಲ್ಲೇ ಇರುವ ಎಚ್4 ಅನ್ನುವ ಹ್ಯಾಲೊಜೆನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಲೋ ಬೀಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇದೆ. ಎದುರಿನವರ ಕಣ್ಣಿಗೆ ಹೋಗುವ ಬೆಳಕನ್ನು ತಡೆಯುವುದು ಅದೇ. ಒಳಗಿನ ಕನ್ನಡಿಯನ್ನು ಆ ತಂತಿ ಇರುವ ಜಾಗಕ್ಕೆ ಸರಿಯಾಗಿ ಬಗ್ಗಿಸಿರುತ್ತಾರೆ. ಬೆಳಕು ಹೊರಡುವ ಜಾಗ ಒಂದೆರಡು ಮಿಲಿಮೀಟರ್ ಬದಲಾದರೂ ಬೆಳಕು ಚದುರುತ್ತದೆ. ಕಾರಿನೊಳಗೆ ಕೂತವರಿಗೆ ಬಿಳಿಯಾಗಿ, ಜೋರಾಗಿ ಕಾಣುತ್ತದೆ. ಎದುರಿಗೆ ಬರುವವರಿಗೆ ಕಣ್ಣು ಕತ್ತಲೆ ಬರುತ್ತದೆ. ಎಷ್ಟೋ ದೇಶಗಳಲ್ಲಿ ಇದಕ್ಕೆ ಅನುಮತಿ ಇಲ್ಲ. ನಿಮ್ಮ ಲೈಟು ಮಂಕಾಗಿದ್ದರೆ ಮೊದಲು ಹೊರಗಿನ ಪ್ಲಾಸ್ಟಿಕ್ ನೋಡಿ. ಬಿಸಿಲಿಗೆ ಹಳದಿಯಾಗಿ ಮಬ್ಬಾಗಿದ್ದರೆ ಪಾಲಿಷ್ ಕಿಟ್ ತಂದು ಉಜ್ಜಿ, ಮೇಲೆ ಬಿಸಿಲು ತಡೆಯುವ ಲೇಪ ಹಚ್ಚಿ. ಲೇಪ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ.

ಈಗ ಮೊದಲಿನ ಅದೇ ಗೋಡೆಗೆ ಕಾರಿನ ಮುಖ ಮಾಡಿ. ನೆಲ ಸಮತಟ್ಟಾಗಿರಲಿ. ಟೈರಿನ ಗಾಳಿ ಸರಿ ಇರಲಿ, ಅದು ಕಮ್ಮಿ ಇದ್ದರೆ ಲೈಟಿನ ಎತ್ತರವೂ ತಪ್ಪುತ್ತದೆ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆ ಅಳೆದು, ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಟೇಪು ಅಂಟಿಸಿ. 10 ಮೀಟರ್ ಹಿಂದೆ ಸರಿದು ಲೋ ಬೀಮ್ ಹಾಕಿ. ಬೆಳಕಿನ ಮೇಲಿನ ಅಂಚು ಟೇಪಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಎಷ್ಟೋ ಕಾರುಗಳಲ್ಲಿ ಲೈಟಿನ ಮೇಲೋ ಬಾನೆಟ್ಟಿನ ಕೆಳಗೋ ಶೇಕಡಾ ಇಷ್ಟು ಅಂತ ಬರೆದಿರುತ್ತದೆ. ಶೇಕಡಾ 1 ಅಂದರೆ 10 ಮೀಟರಿಗೆ 10 ಸೆಂಟಿಮೀಟರ್, 1.2 ಅಂದರೆ 12. ರಸ್ತೆಯ ಅಂಚಿನ ಕಡೆಗೆ ಬೆಳಕು ಸ್ವಲ್ಪ ಮೇಲೇರಿದ್ದರೆ ಅದು ತಪ್ಪಲ್ಲ, ನಡೆದು ಹೋಗುವವರು ಕಾಣಲಿ ಅಂತ ಹಾಗೇ ಮಾಡಿರುತ್ತಾರೆ. ಒಂದು ಬದಿ ಟೇಪಿಗಿಂತ ಮೇಲೆ ಹೋಗಿದ್ದರೆ ಲೈಟಿನ ಹಿಂದಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಗೋಡೆ ನೋಡಿ.

ಸ್ಟಿಯರಿಂಗ್ ಹತ್ತಿರ 0, 1, 2, 3 ಅಂತ ಬರೆದ ಸಣ್ಣ ಚಕ್ರ ಇದ್ದರೆ ಈ ಅಳತೆಗೆ ಅದು 0ಯಲ್ಲಿರಬೇಕು. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಹಿಂಭಾಗ ಕುಗ್ಗಿ ಮುಖ ಎತ್ತುತ್ತದೆ, ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ. ಅಂಥ ದಿನ ಆ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿ, ಸಾಮಾನು ಇಳಿಸಿದ ಮೇಲೆ ಮತ್ತೆ 0ಗೆ ತನ್ನಿ.